ಎಂಜಿನ್ ಇಲ್ಲದ ರಾಜ, ಎಂಜಿನ್ ಬಿಡದ ರಾಣಿ

(ಸಾಗರದಲ್ಲಿ ಗೆಳೆಯರು ಸೇರಿಸಿದ್ದ ಒಂದು ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ತಡವರಿಸಿದ್ದನ್ನು ತೆಗೆದಿದ್ದೇನೆ, ಉಳಿದದ್ದು ಹೆಚ್ಚು ಕಮ್ಮಿ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಇಲ್ಲಿಗೆ ಕರೆದದ್ದು ಹಳೇ ಮನೆಗಳ ರಿಪೇರಿ ಬಗ್ಗೆ ಮಾತಾಡುವುದಕ್ಕೆ. ಅದು ನನ್ನ ಕಸುಬು. ಜಂತಿ, ತೊಲೆ, ಗೆದ್ದಲು, ಇವುಗಳ ಜೊತೆಗೇ ನನ್ನ ಬದುಕು ಕಳೆದಿದೆ. ಆದರೆ ಹೋದ ವಾರ ಇಲ್ಲಿಯ ಗೆಳೆಯರೊಬ್ಬರು ಫೋನ್ ಮಾಡಿ ಕೇಳಿದರು: "ಅಲ್ಲ ಮಾರಾಯ್ರೇ, ಸಿಗಂದೂರಿಗೆ ಸೇತುವೆ ಆಯ್ತು. ಇನ್ನು ಲಾಂಚ್ ಇಟ್ಟುಕೊಂಡು ಏನು ಮಾಡೋದು? ದಡಕ್ಕೆ ಕಟ್ಟಿ ಒಂದು ಹೋಟೆಲ್ ಮಾಡಬಹುದಲ್ವಾ?"

ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈ 14ಕ್ಕೆ. ಅಲ್ಲಿಯವರೆಗೆ ಸಿಗಂದೂರಿಗೆ ಹೋಗುವ ಜನ, ವಾಹನ ನೀರು ದಾಟುತ್ತಿದ್ದುದು ಲಾಂಚಿನಲ್ಲಿ. ಅದಾದ ಮೇಲೆ ಈ ಪ್ರಶ್ನೆ ಬರುವುದು ಸಹಜ. ನಾನು ತಕ್ಷಣ ಉತ್ತರ ಕೊಡಲಿಲ್ಲ. ಯಾಕೆಂದರೆ ಇದೇ ಪ್ರಶ್ನೆಯನ್ನು ಅಮೆರಿಕದಲ್ಲಿ ಎರಡು ಊರಿನವರು ಎರಡು ಹಡಗುಗಳ ಬಗ್ಗೆ ಕೇಳಿಕೊಂಡಿದ್ದರು. ಕೇಳಿಕೊಂಡು ಸುಮ್ಮನಿರಲಿಲ್ಲ, ಮಾಡಿಯೂ ನೋಡಿದರು. ಒಂದು ನಿಂತಿತು, ಒಂದು ನಿಲ್ಲಲಿಲ್ಲ. ತಮಾಷೆ ಏನೆಂದರೆ ಎರಡೂ ಒಂದೇ ಕಡೆ ಹುಟ್ಟಿದ ಜೋಡಿ ಹಡಗುಗಳು. ನಿಂತ ಹಡಗಿನಲ್ಲಿ ನಾನು ಒಂದು ರಾತ್ರಿ ದುಡ್ಡು ಕೊಟ್ಟು ಮಲಗಿ ಬಂದಿದ್ದೇನೆ. ಅದಕ್ಕೇ ಇವತ್ತು ಮನೆ ಬಿಟ್ಟು ಹಡಗಿನ ಮಾತಾಡುತ್ತೇನೆ, ಕ್ಷಮಿಸಬೇಕು.

ಮೊದಲೇ ಒಂದು ಮಾತು. ನಮ್ಮಲ್ಲಿ ಹೋಟೆಲ್ ಅಂದರೆ ದೋಸೆ ಸಿಗುವ ಜಾಗ. ಇಲ್ಲಿ ನಾನು ಹೇಳುತ್ತಿರುವುದು ಮಲಗುವ ಜಾಗ. ದೋಸೆಗೆ ಒಂದು ಒಲೆ ಸಾಕು. ಮಲಗುವುದಕ್ಕೆ ಕಕ್ಕಸು ಬೇಕು. ಅರ್ಧ ತೊಂದರೆ ಅಲ್ಲಿಂದಲೇ ಶುರುವಾಗುತ್ತದೆ.

ಹಡಗುಗಳ ಹೆಸರು ಡೆಲ್ಟಾ ಕಿಂಗ್, ಡೆಲ್ಟಾ ಕ್ವೀನ್. ಹಡಗಿನವರ ಭಾಷೆಯಲ್ಲಿ ಇಂಥ ಜೋಡಿಯನ್ನು ಅಕ್ಕ-ತಂಗಿ ಹಡಗು ಅನ್ನುತ್ತಾರೆ. ರಾಜ-ರಾಣಿ ಅಂತ ಹೆಸರಿಟ್ಟು ಅಕ್ಕ-ತಂಗಿ ಅಂದರೆ ನಮಗೆ ನಗು ಬರುತ್ತದೆ. ನಾನು ಅಣ್ಣ-ತಂಗಿ ಅಂತಲೇ ಕರೆಯುತ್ತೇನೆ.

ಇವು ಕ್ಯಾಲಿಫೋರ್ನಿಯಾದವು. ಸ್ಯಾಕ್ರಮೆಂಟೊ ಅಲ್ಲಿಯ ರಾಜಧಾನಿ, ಸ್ಯಾನ್ ಫ್ರಾನ್ಸಿಸ್ಕೊ ದೊಡ್ಡ ಪೇಟೆ. ನಡುವೆ ಸ್ಯಾಕ್ರಮೆಂಟೊ ನದಿ. ಸಂಜೆ ಒಂದು ಹಡಗು ಇಲ್ಲಿಂದ ಹೊರಡುತ್ತಿತ್ತು, ಇನ್ನೊಂದು ಅಲ್ಲಿಂದ. ಮಧ್ಯರಾತ್ರಿ ಎಲ್ಲೋ ಒಂದನ್ನೊಂದು ದಾಟಿ ಬೆಳಿಗ್ಗೆ ಊರು ಸೇರುತ್ತಿದ್ದವು. ನಮ್ಮ ರಾತ್ರಿ ಬಸ್ಸಿನ ಹಾಗೆ ಅನ್ನಿ. ಆದರೆ ಈ ಬಸ್ಸಿನಲ್ಲಿ ಊಟದ ಹಾಲ್ ಇತ್ತು, ಸಂಗೀತ ಇತ್ತು. ಪಾನನಿಷೇಧದ ಕಾಲವಾದರೂ ಕುಡಿಯುವವರಿಗೆ ಸಿಗುವುದು ಸಿಗುತ್ತಿತ್ತು.

ಹಡಗಿನ ಉಕ್ಕಿನ ತಳ ತಯಾರಾಗಿದ್ದು ಸ್ಕಾಟ್ಲೆಂಡಿನ ಡಂಬಾರ್ಟನ್ ಎಂಬ ಊರಿನ ಡೆನ್ನಿ ಕಾರ್ಖಾನೆಯಲ್ಲಿ. ಅಲ್ಲಿ ಜೋಡಿಸಿ ನೋಡಿ, ನಂಬರ್ ಹಾಕಿ, ಬಿಚ್ಚಿ, ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ಗೆ ಸಾಗಿಸಿದರು. ಹಳೇ ಮನೆ ಬಿಚ್ಚಿ ಬೇರೆ ಕಡೆ ಕಟ್ಟುವಾಗ ನಾವು ಕಂಬಕ್ಕೆ ಸೀಮೆಸುಣ್ಣದಲ್ಲಿ ನಂಬರ್ ಬರೆಯುತ್ತೇವಲ್ಲ, ಅದೇ ಕೆಲಸ. ಹಡಗಿನ ಹಿಂಭಾಗದಲ್ಲಿ ತಿರುಗಿ, ನೀರು ತಳ್ಳಿ ಹಡಗನ್ನು ಓಡಿಸುವ ದೊಡ್ಡ ಚಕ್ರದ ಅಚ್ಚು ಬಂದದ್ದು ಜರ್ಮನಿಯ ಕ್ರುಪ್ ಕಾರ್ಖಾನೆಯಿಂದ. ತಳ ಉಕ್ಕು, ಅದರ ಮೇಲಿನ ಮಾಳಿಗೆಗಳೆಲ್ಲ ಮರ. ಉದ್ದ 285 ಅಡಿ, ಅಗಲ 58 ಅಡಿ. ಇದೇ ಡಂಬಾರ್ಟನ್ ಊರಿನಲ್ಲಿ 1945ರಲ್ಲಿ ಹುಟ್ಟಿದ 'ಭೋಪಾಲ್' ಎಂಬ ಚಕ್ರದ ಸ್ಟೀಮರ್ ಇವತ್ತೂ ಕೊಲ್ಕತ್ತಾದ ಹೂಗ್ಲಿಯಲ್ಲಿದೆ. ಅದನ್ನೂ ಈಚೆಗೆ ರಿಪೇರಿ ಮಾಡಿ ಉಳಿಸಿಕೊಂಡಿದ್ದಾರೆ. ಕ್ಯಾಲಿಫೋರ್ನಿಯಾ ದೂರ ಅನ್ನುವವರು ಕೊಲ್ಕತ್ತಾಕ್ಕಾದರೂ ಹೋಗಿ ಬನ್ನಿ.

ಈ ಜೋಡಿಗೆ ನಾಮಕರಣ ಆಗಿದ್ದು 1927ರ ಮೇ 20ಕ್ಕೆ. ಇವು ದಿನಾ ಹಾದುಹೋಗುವ ದಾರಿಯಲ್ಲೇ ಕಾರ್ಕೀನೆಜ್ ಎಂಬ ಕಿರಿದಾದ ಜಲಸಂಧಿ ಇದೆ. ಅಲ್ಲಿಯ ರಸ್ತೆ ಸೇತುವೆ ಸಂಚಾರಕ್ಕೆ ತೆರೆದದ್ದು ಮೇ 21ಕ್ಕೆ. ಮಾರನೇ ದಿನ! ಜಾತಕ ನೋಡಿ ಹೆಸರಿಡುವವರು ನಾವು. ನಮ್ಮ ಜೋಯಿಸರಾಗಿದ್ದರೆ ಆ ಮುಹೂರ್ತ ಬೇಡವೇ ಬೇಡ ಅಂತಿದ್ದರು. ಕಾರು ಬಂತು, ರಸ್ತೆ ಬಂತು, 1936ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಬೇ ಬ್ರಿಡ್ಜ್ ಬಂತು. 1940ಕ್ಕೆ ಹಡಗುಗಳ ಓಡಾಟ ನಿಂತಿತು. ಸಿಗಂದೂರಿನಲ್ಲಿ ಒಂದೇ ದಿನ ಆಗಿದ್ದು ಅಲ್ಲಿ ಹದಿಮೂರು ವರ್ಷ ತೆಗೆದುಕೊಂಡಿತು, ಅಷ್ಟೇ ವ್ಯತ್ಯಾಸ.

ಆಮೇಲೆ ಯುದ್ಧ. ನೌಕಾಪಡೆ ಎರಡನ್ನೂ ತೆಗೆದುಕೊಂಡು ಬೂದು ಬಣ್ಣ ಬಳಿದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ದುಡಿಸಿತು. ಯುದ್ಧ ಮುಗಿದ ಮೇಲೆ ಅಣ್ಣ-ತಂಗಿ ಬೇರೆ ಬೇರೆಯಾದರು. ಇಲ್ಲಿಂದ ಕಥೆ ಎರಡಾಗುತ್ತದೆ.

ತಂಗಿಯ ಅದೃಷ್ಟ ಚೆನ್ನಾಗಿತ್ತು. 1946ರಲ್ಲಿ ಸಿನ್ಸಿನಾಟಿಯ ಟಾಮ್ ಗ್ರೀನ್ ಎಂಬ ಹಡಗು ಮಾಲೀಕ ಅವಳನ್ನು 46,250 ಡಾಲರಿಗೆ ಕೊಂಡ. ಕೆಳಗಿನ ಮಾಳಿಗೆಗಳಿಗೆ ಸುತ್ತ ಹಲಗೆ ಹೊಡೆದು ಪೆಟ್ಟಿಗೆಯ ಹಾಗೆ ಮಾಡಿ, ಸಮುದ್ರದಲ್ಲಿ ಎಳೆಸಿಕೊಂಡು, ಪನಾಮಾ ಕಾಲುವೆ ದಾಟಿಸಿ, 5,000 ಮೈಲಿಗೂ ಜಾಸ್ತಿ ದೂರ ಸಾಗಿಸಿ ನ್ಯೂ ಆರ್ಲಿಯನ್ಸ್ ಮುಟ್ಟಿಸಿದ. ನದಿಯ ಹಡಗನ್ನು ಸಮುದ್ರಕ್ಕೆ ಇಳಿಸುವುದು ಅಂದರೆ ತೆಪ್ಪವನ್ನು ಮಲ್ಪೆ ಕಡಲಿಗೆ ಬಿಟ್ಟ ಹಾಗೆ. ಬದುಕಿ ಬಂದಳು. 1948ರಿಂದ ಓಹಾಯೊ, ಮಿಸಿಸಿಪ್ಪಿ ನದಿಗಳಲ್ಲಿ ಪ್ರವಾಸಿಗಳನ್ನು ಕರೆದುಕೊಂಡು ಓಡಾಡಿದಳು. 1979ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮನೆಯವರ ಜೊತೆ ಅವಳಲ್ಲಿ ಒಂದು ವಾರ ಪ್ರಯಾಣ ಮಾಡಿದರು.

ಅಣ್ಣನ ಪಾಡು ಕೇಳಬೇಡಿ. 1952ರಲ್ಲಿ ಅವನನ್ನು ಕೆನಡಾದ ಕಿಟಿಮಾಟ್ ಎಂಬಲ್ಲಿಗೆ ಎಳೆದುಕೊಂಡು ಹೋದರು. ಅಲ್ಲಿ ಅಲ್ಯೂಮಿನಿಯಂ ಕಾರ್ಖಾನೆ ಕಟ್ಟುತ್ತಿದ್ದರು. ಕೆಲಸಗಾರರಿಗೆ ಮಲಗುವುದಕ್ಕೆ ಜಾಗ ಬೇಕಿತ್ತು. ಹೀಗೆ ರಾಜ ಲಾಡ್ಜ್ ಆದ, ಕಾರ್ಮಿಕರ ಲಾಡ್ಜ್. ಅವನ ಯಂತ್ರದ ಭಾಗಗಳು ತಂಗಿಗೆ ಬಿಡಿಭಾಗವಾಗಿ ಹೋದವು. ಒಂದು ಸ್ಕೂಟರ್ ಓಡಿಸಲು ಇನ್ನೊಂದನ್ನು ಬಿಚ್ಚುತ್ತೇವಲ್ಲ, ಹಾಗೆ. 1959ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ವಾಪಸ್ ಬಂದ. ಕೈಯಿಂದ ಕೈಗೆ ಹೋದ. 1981ರಲ್ಲಿ ರಿಚ್ಮಂಡ್ ಎಂಬಲ್ಲಿ ನಿಂತಲ್ಲೇ ಮುಳುಗಿದ. ಸುಮಾರು ಹದಿನೈದು ತಿಂಗಳು ಅರ್ಧ ನೀರಿನಲ್ಲಿ, ಅರ್ಧ ಮೇಲೆ.

ಈಗ ಯೋಚನೆ ಮಾಡಿ. ಇವೆರಡರಲ್ಲಿ ಯಾವುದು ಒಳ್ಳೆಯ ಹೋಟೆಲ್ ಆಗಬಹುದು? ಮುದ್ದಾಗಿ ಸಾಕಿದ, ಓಡುತ್ತಿದ್ದ, ಅಧ್ಯಕ್ಷರು ಮಲಗಿದ್ದ ರಾಣಿಯೋ? ಎಂಜಿನ್ ಕಳೆದುಕೊಂಡು ಕೆಸರಲ್ಲಿ ಕೂತಿದ್ದ ರಾಜನೋ? ನಾನಾಗಿದ್ದರೆ ರಾಣಿ ಅಂತಲೇ ಹೇಳುತ್ತಿದ್ದೆ. ನೀವೂ ಹಾಗೇ ಹೇಳುತ್ತಿದ್ದಿರಿ.

1984ರಲ್ಲಿ ರಾಜನನ್ನು ಹೊಸ ಮಾಲೀಕರು ಕೊಂಡು ಹಳೇ ಸ್ಯಾಕ್ರಮೆಂಟೊದ ದಡಕ್ಕೆ ತಂದು ಕಟ್ಟಿದರು. ಐದು ವರ್ಷ ಕೆಲಸ ಮಾಡಿದರು. 1989ರ ಮೇ 20ಕ್ಕೆ, ಅಂದರೆ ನಾಮಕರಣ ಆದ ಅದೇ ತಾರೀಖಿಗೆ, ಬಾಗಿಲು ತೆರೆದರು. 44 ಕೋಣೆ, ಊಟದ ಹಾಲ್, ನಾಟಕದ ಜಾಗ. ಅವತ್ತಿನಿಂದ ಅಲ್ಲೇ ಇದ್ದಾನೆ.

ಈ ಐದು ವರ್ಷದ ಕೆಲಸ ಅಂದೆನಲ್ಲ, ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ನನ್ನ ಕಸುಬಿನವರಿಗೆ ರುಚಿ ಇರುವುದು ಇಲ್ಲೇ.

ಹಳೇ ಮನೆ ಮೇಲಿನಿಂದ ಸೋರುತ್ತದೆ. ಹಡಗು ಕೆಳಗಿನಿಂದಲೂ ಸೋರುತ್ತದೆ. ಓಡುವ ಹಡಗನ್ನು ಕೆಲವು ವರ್ಷಕ್ಕೊಮ್ಮೆ ನೀರಿನಿಂದ ಮೇಲೆತ್ತಿ ತಳ ಕೆರೆದು ಬಣ್ಣ ಹಚ್ಚುತ್ತಾರೆ. ಕಟ್ಟಿಹಾಕಿದ ಹಡಗಿಗೆ ಅದು ಕಷ್ಟ. ಎತ್ತಬೇಕೆಂದರೆ ಪೈಪು, ತಂತಿ ಎಲ್ಲ ಬಿಚ್ಚಿ, ಹೋಟೆಲ್ ಮುಚ್ಚಿ, ಎಳೆದುಕೊಂಡು ಹೋಗಬೇಕು. ಹಾಗಾಗಿ ಕಟ್ಟುವ ಮೊದಲೇ ತಳದ ತಗಡು ಎಲ್ಲೆಲ್ಲಿ ಎಷ್ಟು ದಪ್ಪ ಉಳಿದಿದೆ ಅಂತ ಅಳೆಯಬೇಕು. ತೆಳುವಾದ ಕಡೆ ಹೊಸ ತಗಡು ಬೆಸೆಯಬೇಕು. ಅತಿಥಿಗೆ ಇದು ಯಾವುದೂ ಕಾಣುವುದಿಲ್ಲ. ಇದಕ್ಕೇ ದುಡ್ಡು ಜಾಸ್ತಿ ಹೋಗುವುದು. ಹಳೇ ಮನೆ ಮಾಲೀಕರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ: ಮೊದಲು ಬುನಾದಿ, ಆಮೇಲೆ ಬಾತ್‌ರೂಮ್ ಟೈಲ್ಸ್. ಕೇಳುವವರು ಕಮ್ಮಿ.

ಎರಡನೆಯದು ಭಾರ. ಬಾಯ್ಲರ್, ಎಂಜಿನ್ ಅಂದರೆ ಹತ್ತಾರು ಟನ್. ಅದನ್ನು ತೆಗೆದರೆ ಹಡಗು ಹಗುರಾಗಿ ಮೇಲೇಳುತ್ತದೆ, ಒಂದು ಕಡೆ ವಾಲುತ್ತದೆ. ಮೇಲಿನ ಮಾಳಿಗೆಗಳಲ್ಲಿ ನಲವತ್ತು ಚಿಲ್ಲರೆ ಬಾತ್‌ರೂಮ್ ಕೂರಿಸಿದಿರೋ, ತಲೆ ಭಾರ. ಕೆಳಗೆ ಅಷ್ಟೇ ತೂಕ ತುಂಬಿ ಸರಿದೂಗಿಸಬೇಕು. ಮನೆಯಲ್ಲಿ ಅಟ್ಟದ ಮೇಲೆ ಎಷ್ಟು ಅಡಿಕೆ ಮೂಟೆ ಹೇರಿದರೂ ಮನೆ ಮಗುಚುವುದಿಲ್ಲ. ಇಲ್ಲಿ ಮಗುಚುತ್ತದೆ.

ಮೂರನೆಯದು ನನಗೆ ಗೊತ್ತೇ ಇರಲಿಲ್ಲ, ಓದಿದಾಗ ಬೆಚ್ಚಿಬಿದ್ದೆ. ದಡದ ಕರೆಂಟು ಹಡಗನ್ನು ತಿನ್ನುತ್ತದೆ. ಹಡಗಿನ ಉಕ್ಕು ನೀರಿನಲ್ಲಿದೆ, ದಡದಿಂದ ಬಂದ ತಂತಿಯ ಅರ್ಥಿಂಗ್ ಹಡಗಿಗೆ ಸೇರಿದೆ. ದಡದ ಲೋಹ, ಹಡಗಿನ ಲೋಹ, ನಡುವೆ ನೀರು. ಬ್ಯಾಟರಿ ಆಯ್ತಲ್ಲ! ಸಣ್ಣಗೆ ಕರೆಂಟು ಹರಿಯುತ್ತಾ ಕೂತರೆ ಹಡಗಿನ ತಳ ಕಣ್ಣಿಗೆ ಕಾಣದ ಹಾಗೆ ಸವೆಯುತ್ತದೆ. ಅದಕ್ಕೆ ತಳದಲ್ಲಿ ಬೇರೆ ಲೋಹದ ಗಟ್ಟಿಗಳನ್ನು ಕಟ್ಟುತ್ತಾರೆ, ಉಪ್ಪು ನೀರಿನಲ್ಲಾದರೆ ಸತು, ಸಿಹಿ ನೀರಿನಲ್ಲಾದರೆ ಮೆಗ್ನೀಸಿಯಂ. ಉಕ್ಕಿನ ಬದಲು ಆ ಗಟ್ಟಿ ಸವೆಯುತ್ತದೆ, ಸವೆದ ಮೇಲೆ ಬದಲಾಯಿಸುತ್ತಾರೆ. ದಡದ ತಂತಿಗೂ ಬೇರೆ ಟ್ರಾನ್ಸ್‌ಫಾರ್ಮರ್ ಇಟ್ಟು ನೇರ ಸಂಬಂಧ ಕಡಿಯುತ್ತಾರೆ. ಓಡಾಡುವ ಹಡಗಿಗಿಂತ ಸುಮ್ನೆ ನಿಂತ ಹಡಗಿಗೆ ಈ ಕಾಯಿಲೆ ಜಾಸ್ತಿ.

ಮತ್ತೆ ಮಳೆ ನೀರು. ಉಪ್ಪು ನೀರು ಮರವನ್ನು ಅಷ್ಟು ಬೇಗ ಕೊಳೆಸುವುದಿಲ್ಲ. ಸಿಹಿ ನೀರು, ಅದೂ ಮೇಲಿನಿಂದ ಬಿದ್ದು ಹಲಗೆ ಸಂದಿಯಲ್ಲಿ ನಿಂತ ಮಳೆ ನೀರು, ಕೊಳೆಸುತ್ತದೆ. ಇದನ್ನು ಮಲೆನಾಡಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನದಿ. ಸ್ಯಾಕ್ರಮೆಂಟೊ ನದಿ ಚಳಿಗಾಲದ ಮಳೆಗೆ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಹಡಗು ಅದರ ಜೊತೆ ಏರಿ ಇಳಿಯಬೇಕು, ದಡ ಮಾತ್ರ ಅಲ್ಲೇ ಇರುತ್ತದೆ. ನಡುವಿನ ಕಾಲುಸಂಕಕ್ಕೆ ಕೀಲು ಬೇಕು. ಕುಡಿಯುವ ನೀರಿನ ಪೈಪು, ಕಕ್ಕಸಿನ ಪೈಪು, ಕರೆಂಟಿನ ಕೇಬಲ್ ಎಲ್ಲವೂ ಬಳುಕುವ ಹಾಗಿರಬೇಕು. ನಾನು ಹೋದದ್ದು ಬೇಸಿಗೆಯಲ್ಲಿ. ಕಾಲುಸಂಕ ಚೆನ್ನಾಗಿಯೇ ಇಳಿಜಾರಾಗಿತ್ತು. ನನ್ನ ಸೂಟ್‌ಕೇಸ್ ನನಗಿಂತ ಮುಂದೆ ಓಡಿತು.

ಆ ರಾತ್ರಿಯ ಬಗ್ಗೆ ಎರಡು ಮಾತು. ಕೋಣೆ ಚಿಕ್ಕದು, ಆದರೆ ಇಕ್ಕಟ್ಟಿಲ್ಲ. ಬಾಗಿಲು ಹೊರಗಿನ ಜಗುಲಿಗೇ ತೆರೆಯುತ್ತದೆ. ಬೆಂಕಿ ಬಿದ್ದರೆ ಓಡಿಹೋಗಲು ಒಳ್ಳೆಯದು ಅಂತ ನನ್ನ ತಲೆ ಮೊದಲು ಅದನ್ನೇ ಲೆಕ್ಕ ಹಾಕಿತು, ಕಸುಬಿನ ಕೆಟ್ಟ ಚಾಳಿ. ಜಗುಲಿಯಲ್ಲಿ ನಿಂತರೆ ಎದುರಿಗೆ ಟವರ್ ಬ್ರಿಡ್ಜ್, 1935ರದ್ದು, ಚಿನ್ನದ ಬಣ್ಣ. ಮಲಗುವ ಮೊದಲು ಪಕ್ಕದ ಮೇಜಿನ ಮೇಲೆ ಒಂದು ಲೋಟ ನೀರು ಇಟ್ಟೆ. ಹಡಗು ಅಲುಗಾಡುತ್ತದಾ ನೋಡೋಣ ಅಂತ. ಹತ್ತು ನಿಮಿಷ ನೋಡಿದೆ. ಏನೂ ಇಲ್ಲ, ನಮ್ಮ ಮನೆಯ ಹಾಗೇ ಇದೆ. ಇಷ್ಟು ದುಡ್ಡು ಕೊಟ್ಟು ನೆಲದ ಮೇಲೇ ಮಲಗಿದೆನಲ್ಲ ಅನ್ನಿಸಿತು. ಅಷ್ಟರಲ್ಲಿ ಹೊರಗೆ ಒಂದು ಮೋಟಾರ್ ಬೋಟ್ ಹೋಯಿತು. ಅದು ಹೋಗಿ ಸದ್ದು ಅಡಗಿದ ಮೇಲೆ, ಸ್ವಲ್ಪ ತಡವಾಗಿ, ಲೋಟದ ನೀರು ಒಂದು ಅಂಚಿಗೆ ಏರಿ ಇನ್ನೊಂದು ಅಂಚಿಗೆ ಬಂತು. ಎಲ್ಲೋ ಗೋಡೆಯೊಳಗೆ ಮರ ಒಂದು ಸಲ ಕಿರುಗುಟ್ಟಿತು. ಆಮೇಲೆ ಮತ್ತೆ ಸ್ತಬ್ಧ. ಆಗ ಹಡಗಿನಲ್ಲಿದ್ದೇನೆ ಅಂತ ಖಾತ್ರಿಯಾಯಿತು, ನಿದ್ದೆ ಬಂತು.

ಈಗ ರಾಣಿ.

1965ರ ನವೆಂಬರ್‌ನಲ್ಲಿ ಯಾರ್ಮತ್ ಕ್ಯಾಸಲ್ ಎಂಬ ಪ್ರವಾಸಿ ಹಡಗಿಗೆ ಸಮುದ್ರದಲ್ಲಿ ಬೆಂಕಿ ಬಿದ್ದು 90 ಜನ ಸತ್ತರು. ಮಾರನೇ ವರ್ಷ ಅಮೆರಿಕ ಕಾನೂನು ಮಾಡಿತು. ಮರದ ಮಾಳಿಗೆಯ ಹಡಗು ರಾತ್ರಿ ತಂಗುವ 50 ಅಥವಾ ಅದಕ್ಕಿಂತ ಜಾಸ್ತಿ ಪ್ರಯಾಣಿಕರನ್ನು ಕರೆದೊಯ್ಯುವಂತಿಲ್ಲ. ಕಾನೂನು ಸಮುದ್ರದ ಹಡಗಿಗೆ ಅಂತ ಮಾಡಿದ್ದು, ನದಿಯ ರಾಣಿಯೂ ಸಿಕ್ಕಿಬಿದ್ದಳು. ಅವಳ ಮೇಲೆ ಜನಕ್ಕೆ ಪ್ರೀತಿ ಇತ್ತು, ಹಾಗಾಗಿ ಸಂಸತ್ತು ಮತ್ತೆ ಮತ್ತೆ ವಿನಾಯಿತಿ ಕೊಡುತ್ತಾ ಬಂತು. 1989ರಲ್ಲಿ ರಾಷ್ಟ್ರೀಯ ಸ್ಮಾರಕ ಅಂತಲೂ ಘೋಷಿಸಿದರು. 2008ರ ಕೊನೆಗೆ ವಿನಾಯಿತಿ ಮುಗಿಯಿತು. ಈ ಸಲ ಕೊಡಲಿಲ್ಲ.

ಓಡುವಂತಿಲ್ಲ ಅಂದ ಮೇಲೆ ಏನು ಮಾಡುವುದು? 2009ರಲ್ಲಿ ಟೆನೆಸ್ಸಿಯ ಚಟನೂಗ ಎಂಬ ಊರಿಗೆ ತಂದು ಕೂಲಿಡ್ಜ್ ಪಾರ್ಕಿನ ದಡಕ್ಕೆ ಕಟ್ಟಿ ಹೋಟೆಲ್ ಮಾಡಿದರು. ಓಡದಿದ್ದರೆ ಆ ಕಾನೂನು ಅಡ್ಡ ಬರುವುದಿಲ್ಲ. ಅದೇ ಮರ, ಅದೇ ಮಂಚ, ಅಷ್ಟೇ ಜನ. ಹಗ್ಗ ಬಿಚ್ಚಿದರೆ ಅಪರಾಧ, ಕಟ್ಟಿದರೆ ಲಾಡ್ಜ್. ವಕೀಲರು ಯಾರಾದರೂ ಇದ್ದರೆ ಆಮೇಲೆ ಇದರ ಗುಟ್ಟು ಹೇಳಿ.

ರಾಣಿಯಲ್ಲಿ 88 ಕೋಣೆ. ರಾಜನಲ್ಲಿ 44 ಅಂದೆನಲ್ಲ, ಸರಿಯಾಗಿ ಅರ್ಧ. ಹಡಗಿನ ಅಳತೆ ಮಾತ್ರ ಎರಡಕ್ಕೂ ಒಂದೇ. ನನ್ನ ಪ್ರಕಾರ ಎಲ್ಲ ಇರುವುದು ಈ ಲೆಕ್ಕದಲ್ಲಿ. ಪ್ರಯಾಣದಲ್ಲಿ ಕೋಣೆ ಚಿಕ್ಕದಾದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕಿಟಕಿಯ ಹೊರಗೆ ಊರುಗಳು ಸರಿಯುತ್ತಿರುತ್ತವೆ, ಕೋಣೆಯಲ್ಲಿ ಕೂರುವವರು ಯಾರು? ಕಟ್ಟಿದ ಹಡಗಿನಲ್ಲಿ ಕಿಟಕಿಯ ಹೊರಗೆ ದಿನಾ ಅದೇ ಪಾರ್ಕು. ಆಗ ಕಣ್ಣು ಕೋಣೆಯ ಕಡೆ ತಿರುಗುತ್ತದೆ. ಕಾಲು ಚಾಚಿದರೆ ಗೋಡೆ, ಕೈ ಚಾಚಿದರೆ ಗೋಡೆ. ಪಕ್ಕದ ರಸ್ತೆಯಲ್ಲಿ ದೊಡ್ಡ ಕೋಣೆಯ ಹೋಟೆಲ್ ಇರುವಾಗ ಎರಡನೇ ಸಲ ಯಾರು ಬರುತ್ತಾರೆ?

ಹಾಗಂತ ರಾಣಿಯ ಗೋಡೆ ಒಡೆಯಲು ಯಾರಿಗೆ ಮನಸ್ಸು ಬರುತ್ತದೆ? ಅವಳು ಸ್ಮಾರಕ. ಎಂಜಿನ್ ಅವಳಲ್ಲೇ ಇದೆ. ಇಂದಲ್ಲ ನಾಳೆ ಮತ್ತೆ ಓಡುತ್ತಾಳೆ ಅಂತ ಎಲ್ಲರಿಗೂ ಆಸೆ. ದಡಕ್ಕೆ ಕಟ್ಟುವಾಗಲೂ ಮತ್ತೆ ಓಡಬೇಕಾದವಳು ಅಂತಲೇ ಕಟ್ಟಿದರು, ಇಲ್ಲೇ ಇರಬೇಕಾದವಳು ಅಂತ ಕಟ್ಟಲಿಲ್ಲ. ಸುಮಾರು ಐದು ವರ್ಷ ನಡೆಯಿತು, 2014ರಲ್ಲಿ ಹೋಟೆಲ್ ಮುಚ್ಚಿತು. 2015ರಲ್ಲಿ ಲೂಸಿಯಾನಾದ ಹೋಮಾ ಎಂಬಲ್ಲಿಗೆ ಎಳೆದುಕೊಂಡು ಹೋದರು. 2018ರ ಡಿಸೆಂಬರ್‌ನಲ್ಲಿ ವಿನಾಯಿತಿ ಮತ್ತೆ ಸಿಕ್ಕಿತು, ಬೆಂಕಿ ತಡೆಯದ ಭಾಗಗಳನ್ನು ವರ್ಷ ವರ್ಷವೂ ಇಷ್ಟಿಷ್ಟು ಬದಲಿಸುತ್ತಾ ಹೋಗಬೇಕು ಅನ್ನುವ ಷರತ್ತಿನ ಮೇಲೆ.

ರಾಜನ ವಿಷಯದಲ್ಲಿ ಈ ಸಂಕಟ ಇರಲಿಲ್ಲ. ಎಂಜಿನ್ ಮೊದಲೇ ಹೋಗಿತ್ತು. ಒಳಗಿನದೆಲ್ಲ ಹದಿನೈದು ತಿಂಗಳು ನೀರು ಕಂಡಿತ್ತು. ಇನ್ನು ಓಡುವ ಆಸೆ ಯಾರಿಗೂ ಇರಲಿಲ್ಲ. ಹಾಗಾಗಿ ಹಳೇ ಕೋಣೆಗಳ ಲೆಕ್ಕ ಬಿಟ್ಟು ದೊಡ್ಡ ಕೋಣೆ ಮಾಡಿದರು, ಪ್ರತಿಯೊಂದಕ್ಕೂ ಬಾತ್‌ರೂಮ್ ಕೊಟ್ಟರು. ಹಿಂದಿನ ಚಕ್ರ ನೋಡುವುದಕ್ಕೆ ಮಾತ್ರ. ಹಡಗು ಪ್ರೇಮಿಗಳಲ್ಲಿ ಕೆಲವರಿಗೆ ಇದು ಹಿಡಿಸುವುದಿಲ್ಲ. ಹಡಗಿನ ವೇಷ ಹಾಕಿದ ಕಟ್ಟಡ ಅನ್ನುತ್ತಾರೆ. ಅವರ ಮಾತಿನಲ್ಲಿ ಸತ್ಯ ಇದೆ. ನನಗೂ ಎಂಜಿನ್ ಕೋಣೆ ನೋಡುವ ಆಸೆ ಇತ್ತು, ನೋಡಲು ಏನೂ ಇರಲಿಲ್ಲ. ಆದರೆ ತಳದ ತಗಡಿಗೆ, ಲೋಹದ ಗಟ್ಟಿಗೆ, ಬಣ್ಣಕ್ಕೆ ದುಡ್ಡು ಬರುತ್ತಿರುವುದು ಆ 44 ಕೋಣೆಗಳ ಬಾಡಿಗೆಯಿಂದ.

ನಾನೂ ಒಂದು ಸಲ ರಾಣಿಯ ತಪ್ಪು ಮಾಡಿದ್ದೇನೆ. ಒಂದು ಹಳೇ ತೊಟ್ಟಿ ಮನೆಯನ್ನು ಹೋಮ್‌ಸ್ಟೇ ಮಾಡಿಕೊಡಿ ಅಂದರು. ಒಂದು ಗೋಡೆಯನ್ನೂ ಮುಟ್ಟಲು ಬಿಡಲಿಲ್ಲ ನಾನು. ಕಕ್ಕಸು ಹಿತ್ತಲಲ್ಲೇ ಉಳಿಯಿತು. ಮೊದಲ ಮಳೆಗಾಲದಲ್ಲಿ ಬಂದ ಅತಿಥಿಗಳು ರಾತ್ರಿ ಎರಡು ಗಂಟೆಗೆ ಕೊಡೆ ಹಿಡಿದು ಹಿತ್ತಲಿಗೆ ಹೋದರು, ಇಂಬಳ ಕಚ್ಚಿಸಿಕೊಂಡು ಬಂದರು, ಬೆಳಿಗ್ಗೆ ಹೊರಟೇ ಹೋದರು. ಮನೆ ಈಗ ಬೀಗ ಹಾಕಿಕೊಂಡಿದೆ. ಒಂದು ಗೋಡೆ ಬಿಟ್ಟುಕೊಟ್ಟಿದ್ದರೆ ಉಳಿದ ಹನ್ನೊಂದು ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ ಆದರೂ ಬೀಳುತ್ತಿತ್ತು.

ಇನ್ನು ಲಾಂಚಿನ ಪ್ರಶ್ನೆ. ನನ್ನ ಅನುಮಾನ ಎರಡು. ಒಂದು, ನಮ್ಮ ಲಾಂಚ್ ಚಪ್ಪಟೆ ತೆಪ್ಪದ ಹಾಗಿದೆ, ಅದರಲ್ಲಿ ಕೋಣೆಗಳೇ ಇಲ್ಲ. ಹೋಟೆಲ್ ಮಾಡಿದರೆ ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. ಆಗ ಹಳೇ ಲಾಂಚ್ ಎಲ್ಲಿ ಉಳಿಯಿತು? ಇನ್ನೊಂದು, ನೀರು. ಈ ಹಿನ್ನೀರಿನ ಲಿಂಗನಮಕ್ಕಿ ಅಣೆಕಟ್ಟು ತುಂಬಿದರೆ ನೀರು 1819 ಅಡಿ ಮಟ್ಟಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಎಷ್ಟು ಇಳಿಯುತ್ತದೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನೀರು ಕಮ್ಮಿಯಾಗಿ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಿದ ವರ್ಷಗಳಿವೆ. ಸ್ಯಾಕ್ರಮೆಂಟೊದಲ್ಲಿ ಕಾಲುಸಂಕ ಇಳಿಜಾರಾಗುತ್ತದೆ. ಇಲ್ಲಿ ದಡವೇ ದೂರ ಹೋಗಿಬಿಡುತ್ತದೆ. ಮೇ ತಿಂಗಳ ಅತಿಥಿ ಕೆಸರಲ್ಲಿ ಅರ್ಧ ಫರ್ಲಾಂಗ್ ನಡೆದು ಕೋಣೆ ಸೇರಬೇಕು. ಊಟದ ಹೋಟೆಲ್ ಮಾಡಿ, ಮಲಗುವ ಹೋಟೆಲ್ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಲಾಂಚಿನಲ್ಲಿ ಬಹಳ ವರ್ಷ ಕೆಲಸ ಮಾಡಿದವರಂತೆ. "ಎಂಜಿನ್ ತೆಗೆದ್ರು ಅಂದ್ರಲ್ಲ ಸ್ವಾಮಿ, ಹಾಗಾದ್ರೆ ಡ್ರೈವರ್ ಕೂರ್ತಿದ್ದ ಜಾಗ ಏನು ಮಾಡಿದ್ರು?"

ಯಾರೂ ಇದುವರೆಗೆ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಹೇಳಿದೆ: ಎಲ್ಲಕ್ಕಿಂತ ಮೇಲಿರುವ ಚುಕ್ಕಾಣಿಯ ಮನೆಯನ್ನು ಒಂದು ಕೋಣೆಗೆ ಸೇರಿಸಿ, ಮೆಟ್ಟಿಲು ಇಟ್ಟು, ಕ್ಯಾಪ್ಟನ್ ಕೋಣೆ ಅಂತ ಹೆಸರು ಕೊಟ್ಟಿದ್ದಾರೆ. ಬಾಡಿಗೆ ಮಿಕ್ಕವಕ್ಕಿಂತ ಜಾಸ್ತಿ. ನನಗೆ ಅದು ಕೈಗೆಟುಕಲಿಲ್ಲ.

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಅಲ್ಲಿ ಮಲಗಿದವನು ರಾತ್ರಿ ಎದ್ದು ಹಾರ್ನ್ ಹೊಡೆದ್ರೆ?" ಅಂದರು.